ಹವಳದ ದಿಬ್ಬದ ಆರೋಗ್ಯ ಅಳೆಯುವುದು ಹೇಗೆ? ಲಕ್ಷದ್ವೀಪದ 24 ವರ್ಷಗಳ ಲೆಕ್ಕ ಹೇಳುವುದೇನು?

ಲಕ್ಷದ್ವೀಪದ ಅಗತ್ತಿ, ಕದ್ಮತ್ ಮತ್ತು ಕವರತ್ತಿ ದ್ವೀಪಗಳ ಸುತ್ತಲಿನ ದಿಬ್ಬಗಳಲ್ಲಿ 1998ರಲ್ಲಿ ಸುಮಾರು ಶೇ 37ರಷ್ಟು ಜಾಗವನ್ನು ಜೀವಂತ ಹವಳ ಆವರಿಸಿತ್ತು. 2022ರ ಹೊತ್ತಿಗೆ ಅದು ಶೇ 20ಕ್ಕಿಂತ ಕೆಳಗಿಳಿದಿತ್ತು. ಅಂದರೆ 24 ವರ್ಷಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಹವಳ ಇಲ್ಲವಾಗಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಪಾಲ್ಗೊಂಡಿದ್ದ, 2025ರಲ್ಲಿ ಪ್ರಕಟವಾದ ಅಧ್ಯಯನದ ಮುಖ್ಯಾಂಶವಿದು.

ಈ ಸುದ್ದಿ ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಕಾಡಿನಲ್ಲಿ ಮರ ಎಣಿಸಬಹುದು, ಕ್ಯಾಮೆರಾ ಕಟ್ಟಿ ಹುಲಿ ಎಣಿಸಬಹುದು. ಸಮುದ್ರದೊಳಗಿನ ಹವಳವನ್ನು ಶೇಕಡಾವಾರು ಲೆಕ್ಕದಲ್ಲಿ ಎಣಿಸುವವರು ಯಾರು? ಆ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ ಕುತೂಹಲದ್ದಷ್ಟೇ ಅಲ್ಲ. ಲಕ್ಷದ್ವೀಪದ 36 ದ್ವೀಪಗಳ ಒಟ್ಟು ವಿಸ್ತೀರ್ಣ ಕೇವಲ 32 ಚದರ ಕಿ.ಮೀ. 2011ರ ಜನಗಣತಿ ಪ್ರಕಾರ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಅವರ ಕಾಲಡಿಯ ನೆಲವೇ ಹವಳ ಕಟ್ಟಿಕೊಟ್ಟದ್ದು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರವಿರುವ ಈ ದ್ವೀಪಗಳ ಮೇಲೆ ಮಳೆಗಾಲದ ಅಲೆಗಳು ನೇರವಾಗಿ ಅಪ್ಪಳಿಸದಂತೆ ತಡೆಯುವುದೂ ಸುತ್ತಲಿನ ಹವಳದ ದಿಬ್ಬವೇ. ಅಲ್ಲಿನ ಮೀನುಗಾರರು ಗಾಳ ಹಾಕಿ ಟ್ಯೂನಾ ಹಿಡಿಯಲು ಬಳಸುವ ಸಣ್ಣ ಎರೆಮೀನು ಸಿಗುವುದು ದಿಬ್ಬದ ಒಳಗಿನ ಲಗೂನಿನಲ್ಲಿ. ದಿಬ್ಬ ಸವೆದರೆ ಮನೆ, ಬಾವಿ, ದುಡಿಮೆ ಮೂರಕ್ಕೂ ಪೆಟ್ಟು.

ಮೊದಲು, ಹವಳ ಅಂದರೇನು?

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಪಾಲಿಪ್ ಎಂಬ ಪುಟಾಣಿ ಪ್ರಾಣಿಗಳ ವಸಾಹತು ಅದು. ಪ್ರತಿ ಪಾಲಿಪ್ ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಸಾವಿರಾರು ವರ್ಷ ಇಂಥ ಬಟ್ಟಲುಗಳ ಮೇಲೆ ಬಟ್ಟಲು ಸೇರಿ ದಿಬ್ಬವಾಗುತ್ತದೆ. ಪಾಲಿಪ್‌ನ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರ ತಯಾರಿಸಿ ಮನೆಬಾಡಿಗೆಯಂತೆ ಹವಳಕ್ಕೆ ಕೊಡುವುದು ಈ ಪಾಚಿ. ಹವಳದ ಕಂದು, ಹಸಿರು ಬಣ್ಣಗಳು ಬಹುಪಾಲು ಅದರದ್ದೇ.

ಅಂದಹಾಗೆ, ಮಂಗಳ ಗ್ರಹಕ್ಕೆಂದು ಉಂಗುರದಲ್ಲಿ ಕೂರಿಸುವ ಕೆಂಪು ಹವಳ ಈ ಗುಂಪಿನದ್ದಲ್ಲ. ಅದರಲ್ಲಿ ಹೆಸರುವಾಸಿಯಾದದ್ದು ಮೆಡಿಟರೇನಿಯನ್ ಸಮುದ್ರದ ಬೇರೆಯೇ ಜಾತಿ. ಅದು ದಿಬ್ಬ ಕಟ್ಟುವುದಿಲ್ಲ.

ಟೇಪು, ಸ್ಲೇಟು, ಪೆನ್ಸಿಲು

ಸಮೀಕ್ಷೆಯ ಮೂಲ ಸಲಕರಣೆ ಅಚ್ಚರಿ ಎನ್ನಿಸುವಷ್ಟು ಸರಳ: ಉದ್ದದ ಅಳತೆ ಟೇಪು, ನೀರಿನಲ್ಲಿ ಬರೆಯಬಹುದಾದ ಪ್ಲಾಸ್ಟಿಕ್ ಸ್ಲೇಟು, ಒಂದು ಪೆನ್ಸಿಲು. ಮುಳುಗುಗಾರರು ದಿಬ್ಬದ ಮೇಲೆ ಒಂದೇ ಆಳದಲ್ಲಿ ಟೇಪನ್ನು ಹಾಸುತ್ತಾರೆ. ಇದಕ್ಕೆ ಟ್ರಾನ್ಸೆಕ್ಟ್ ಎಂದು ಹೆಸರು.

ಅನಂತರ ಎರಡು ದಾರಿಗಳಿವೆ. ಒಂದರಲ್ಲಿ ಟೇಪಿನ ಕೆಳಗೆ ಬರುವ ಪ್ರತಿಯೊಂದರ ಉದ್ದವನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಇಷ್ಟುದ್ದ ಕವಲು ಹವಳ, ಇಷ್ಟುದ್ದ ಮರಳು, ಇಷ್ಟುದ್ದ ಸತ್ತ ಹವಳದ ಚೂರು. ನಿಖರ, ಆದರೆ ನಿಧಾನ. ಸಿಲಿಂಡರಿನಲ್ಲಿ ಗಾಳಿ ಖಾಲಿಯಾಗುತ್ತಿರುವಾಗ ಇದು ದುಬಾರಿ.

ಇನ್ನೊಂದರಲ್ಲಿ ನಿಗದಿತ ಬಿಂದುಗಳಲ್ಲಿ ಮಾತ್ರ ನೋಡುತ್ತಾರೆ. 1997ರಿಂದ ಜಗತ್ತಿನಾದ್ಯಂತ ಸ್ವಯಂಸೇವಕರ ನೆರವಿನಿಂದ ಸಮೀಕ್ಷೆ ನಡೆಸುತ್ತಿರುವ ‘ರೀಫ್ ಚೆಕ್’ ಸಂಸ್ಥೆಯ ಕ್ರಮ ಇದು. 100 ಮೀಟರ್ ಟೇಪಿನಲ್ಲಿ 20 ಮೀಟರಿನ ನಾಲ್ಕು ತುಂಡುಗಳನ್ನು ಗುರುತಿಸಿ, ನಡುವೆ 5 ಮೀಟರ್ ಬಿಟ್ಟು, ಪ್ರತಿ ಅರ್ಧ ಮೀಟರಿಗೆ ಒಮ್ಮೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ಇಳಿಬಿಡುವ ಗುಂಡಿನಂಥ ಸಣ್ಣ ತೂಕವನ್ನು ಇಳಿಬಿಡುತ್ತಾರೆ. ಅದು ಮುಟ್ಟಿದ್ದು ಏನನ್ನು? ಗಟ್ಟಿ ಹವಳ, ಮೃದು ಹವಳ, ಇತ್ತೀಚೆಗೆ ಸತ್ತ ಹವಳ, ಪಾಚಿ, ಸ್ಪಂಜು, ಬಂಡೆ, ಚೂರು, ಮರಳು, ಕೆಸರು, ಇತರೆ: ಹತ್ತು ಬಗೆಗಳಲ್ಲಿ ಒಂದನ್ನು ಬರೆದುಕೊಳ್ಳಬೇಕು. ಹೀಗೆ ಒಟ್ಟು 160 ಬಿಂದುಗಳು. ಅವುಗಳಲ್ಲಿ 48 ಕಡೆ ಗಟ್ಟಿ ಹವಳ ಸಿಕ್ಕರೆ, ಆ ಜಾಗದ ಹವಳದ ಹೊದಿಕೆ ಶೇ 30. ವರದಿಗಳಲ್ಲಿ ನಾವು ಓದುವ ಶೇಕಡಾವಾರು ಹುಟ್ಟುವುದು ಇಂಥ ಲೆಕ್ಕಗಳಿಂದಲೇ.

ಮೀನುಗಳ ಎಣಿಕೆಯೂ ಇದೇ ಟೇಪಿನ ಗುಂಟ ನಡೆಯುತ್ತದೆ, ಅದೂ ಎಲ್ಲಕ್ಕಿಂತ ಮೊದಲು. ಟೇಪು ಹಾಸಿದ ಗಲಿಬಿಲಿಗೆ ಚದುರಿದ ಮೀನುಗಳು ಮರಳಲಿ ಎಂದು ಹದಿನೈದು ನಿಮಿಷ ಸುಮ್ಮನೆ ಕಾಯುತ್ತಾರೆ. ಆಮೇಲೆ ಟೇಪಿನ ಎರಡೂ ಬದಿಗೆ ಎರಡೂವರೆ ಮೀಟರ್ ಒಳಗೆ ಬಂದವನ್ನು ಮಾತ್ರ ಎಣಿಸುತ್ತಾರೆ. ಗಿಳಿಯ ಕೊಕ್ಕಿನಂಥ ಬಾಯಿಯ ಪ್ಯಾರಟ್‌ಫಿಶ್ ಇಲ್ಲಿ ಮುಖ್ಯ. ಅದು ಪಾಚಿ ಕೆರೆದು ತಿನ್ನುತ್ತದೆ. ಅದನ್ನು ಹಿಡಿದು ಮುಗಿಸಿದರೆ ಸತ್ತ ಹವಳದ ಮೇಲೆ ಪಾಚಿ ದಟ್ಟವಾಗಿ ಬೆಳೆದು, ಮರಿ ಹವಳಕ್ಕೆ ಅಂಟಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಗ್ರೂಪರ್‌ನಂಥ ದೊಡ್ಡ ಮೀನುಗಳು ಕಾಣದಿದ್ದರೆ ಅಲ್ಲಿ ಮೀನುಗಾರಿಕೆಯ ಒತ್ತಡ ಎಷ್ಟಿದೆ ಎಂಬುದರ ಸುಳಿವು ಸಿಗುತ್ತದೆ.

ಹತ್ತು ಮೀಟರ್ ಆಳದಲ್ಲಿ, ಪ್ರವಾಹ ಎಳೆಯುತ್ತಿರುವಾಗ, ಇದು ಸತ್ತ ಹವಳವೋ ಬಂಡೆಯೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಒಬ್ಬರು ‘ಬಂಡೆ’ ಎಂದದ್ದನ್ನು ಇನ್ನೊಬ್ಬರು ‘ಪಾಚಿ’ ಎನ್ನಬಹುದು. ಅದಕ್ಕೇ ಸಮೀಕ್ಷೆಗೆ ಮುನ್ನ ಇಬ್ಬರು ಒಂದೇ ಟೇಪನ್ನು ಬೇರೆ ಬೇರೆಯಾಗಿ ಎಣಿಸಿ, ಉತ್ತರ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳುತ್ತಾರೆ. ಇಲ್ಲವಾದರೆ ಹವಳ ಬದಲಾಗಿದೆಯೋ, ಎಣಿಸುವವರು ಬದಲಾಗಿದ್ದಾರೋ ತಿಳಿಯುವುದಿಲ್ಲ.

ಈಚೆಗೆ ಈ ಕೆಲಸದ ದೊಡ್ಡ ಪಾಲು ಕ್ಯಾಮೆರಾಕ್ಕೆ ಹೋಗಿದೆ. ಚೌಕಟ್ಟು ಇಟ್ಟು ಫೋಟೊ ತೆಗೆದುಕೊಂಡು ಬಂದರೆ, ಕಂಪ್ಯೂಟರ್ ಅದರ ಮೇಲೆ ಯಾದೃಚ್ಛಿಕ ಬಿಂದುಗಳನ್ನು ಹಾಕುತ್ತದೆ. ಪ್ರತಿ ಬಿಂದುವಿನ ಕೆಳಗೆ ಏನಿದೆ ಎಂದು ಗುರುತಿಸಲು ‘ಕೋರಲ್‌ನೆಟ್’, ‘ರೀಫ್‌ಕ್ಲೌಡ್’ನಂಥ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿವೆ. ಇದರ ದೊಡ್ಡ ಲಾಭ ವೇಗ ಮಾತ್ರವಲ್ಲ. ಅನುಮಾನ ಬಂದರೆ ಹತ್ತು ವರ್ಷ ಬಿಟ್ಟು ಅದೇ ಫೋಟೊ ತೆರೆದು ಮತ್ತೆ ನೋಡಬಹುದು.

ವಿಶಾಲ ಪ್ರದೇಶಕ್ಕೆ ಟೇಪು ಸಾಲದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಬ್ಬರು ಹಲಗೆ ಹಿಡಿದು ಮೇಲ್ಮೈಯಲ್ಲಿ ತೇಲುತ್ತಾರೆ, ಸಣ್ಣ ದೋಣಿ ಅವರನ್ನು ಹಗ್ಗದಿಂದ ಎಳೆಯುತ್ತದೆ. ಎರಡೆರಡು ನಿಮಿಷಕ್ಕೆ ದೋಣಿ ನಿಲ್ಲುತ್ತದೆ, ಅಷ್ಟರಲ್ಲಿ ಕಂಡ ಹವಳದ ಅಂದಾಜನ್ನು ಬರೆದುಕೊಳ್ಳುತ್ತಾರೆ. ಇದಕ್ಕೆ ಮಾಂಟಾ ಟೋ ಎನ್ನುತ್ತಾರೆ.

ಹೈದರಾಬಾದಿನಿಂದ ಬರುವ ಎಚ್ಚರಿಕೆ

ಮುಳುಗುಗಾರರು ಎಲ್ಲ ಕಡೆ, ಎಲ್ಲ ದಿನ ಇರಲಾರರು. ಯಾವಾಗ, ಎಲ್ಲಿ ನೀರಿಗಿಳಿಯಬೇಕು ಎಂಬ ಮುನ್ಸೂಚನೆ ಕೊಡುವುದು ಉಪಗ್ರಹ. ಭಾರತಕ್ಕೆ ಈ ಕೆಲಸ ಮಾಡುತ್ತಿರುವುದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ‘ಇಂಕಾಯ್ಸ್’. ಮೀನುಗಾರರಿಗೆ ಅಲೆ, ಸುನಾಮಿ ಮುನ್ನೆಚ್ಚರಿಕೆ ಕೊಡುವ ಸಂಸ್ಥೆಯೂ ಇದೇ. 2011ರಿಂದ ಅದು ಹವಳ ಬಿಳಿಚುವಿಕೆಯ ಎಚ್ಚರಿಕೆಯನ್ನೂ ನೀಡುತ್ತಿದೆ.

ಬಿಳಿಚುವಿಕೆ ಎಂದರೆ, ನೀರು ಬಹಳ ದಿನ ಬಿಸಿಯಾಗಿಯೇ ಉಳಿದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುವುದು. ಬಣ್ಣ ಹೋಗಿ, ಪಾರದರ್ಶಕ ಮಾಂಸದ ಅಡಿಯ ಬಿಳಿ ಸುಣ್ಣ ಕಾಣತೊಡಗುತ್ತದೆ. ಎಷ್ಟು ಬಿಸಿ, ಎಷ್ಟು ದಿನ ಎಂಬ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಅಳತೆಗೆ ‘ಡಿಗ್ರಿ ಹೀಟಿಂಗ್ ವೀಕ್’ ಎಂದು ಹೆಸರು. ಹೆಸರು ಕಠಿಣ, ಲೆಕ್ಕ ಸುಲಭ. ಒಂದು ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳ ಸರಾಸರಿ 29.5 ಡಿಗ್ರಿ ಎಂದಿಟ್ಟುಕೊಳ್ಳಿ. ನೀರು ಅದಕ್ಕಿಂತ ಕನಿಷ್ಠ 1 ಡಿಗ್ರಿ ಹೆಚ್ಚಾದರೆ ಮಾತ್ರ ಎಣಿಕೆ ಶುರು. 30.5 ಡಿಗ್ರಿಯಲ್ಲಿ ಒಂದು ವಾರ ಕಳೆದರೆ ಖಾತೆಗೆ 1 ಜಮೆ, 31.5 ಡಿಗ್ರಿಯಲ್ಲಿ ಒಂದು ವಾರ ಕಳೆದರೆ 2 ಜಮೆ. ಹಿಂದಿನ 12 ವಾರಗಳ ಮೊತ್ತ 4 ಮುಟ್ಟಿದರೆ ಗಣನೀಯ ಬಿಳಿಚುವಿಕೆ, 8 ಮುಟ್ಟಿದರೆ ಸಾವಿನ ಅಪಾಯ ಎಂಬುದು ವಾಡಿಕೆಯ ಮಾನದಂಡ. 2023ರ ಬಿಸಿಗೆ ಈ ಮಾನದಂಡವೇ ಸಾಲದೆ, ಅಮೆರಿಕದ ಸಾಗರ ಸಂಸ್ಥೆ ನೋವಾ ತನ್ನ ಎಚ್ಚರಿಕೆಯ ಹಂತಗಳನ್ನು ಎರಡರಿಂದ ಐದಕ್ಕೆ ಏರಿಸಬೇಕಾಯಿತು.

2023ರ ಅಕ್ಟೋಬರ್ ಅಂತ್ಯದಿಂದ ಲಕ್ಷದ್ವೀಪದ ಸುತ್ತ ದೀರ್ಘ ಉಷ್ಣ ಅಲೆ ಬೀಸಿತ್ತು. 2024ರಲ್ಲಿ ಸಮೀಕ್ಷೆ ನಡೆಸಿದ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಲ್ಲಿನ ಗಟ್ಟಿ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿರುವುದನ್ನು ವರದಿ ಮಾಡಿತು. ಜಗತ್ತಿನ ನಾಲ್ಕನೇ ಸಾಮೂಹಿಕ ಬಿಳಿಚುವಿಕೆಯ ಭಾಗ ಅದು. 1998ರ ಮೊದಲ ಘಟನೆಯಲ್ಲಿ ಜಗತ್ತಿನ ಶೇ 21ರಷ್ಟು ಹವಳ ಪ್ರದೇಶ ಬಿಸಿಯ ಒತ್ತಡಕ್ಕೆ ಸಿಲುಕಿತ್ತು. 2010ರಲ್ಲಿ ಶೇ 37, 2014-17ರಲ್ಲಿ ಶೇ 68. ನಾಲ್ಕನೆಯದರಲ್ಲಿ 2025ರ ಏಪ್ರಿಲ್ ವೇಳೆಗೇ ಶೇ 84.

ಇಲ್ಲೊಂದು ಎಚ್ಚರ ಬೇಕು. ‘ಜಗತ್ತಿನ ಶೇ 84ರಷ್ಟು ಹವಳ ನಾಶ’ ಎಂಬ ಶೀರ್ಷಿಕೆ ತಪ್ಪು. ಡೆಸ್ಕಿನಲ್ಲಿ ಕೂತು ಹೆಡ್ಡಿಂಗ್ ಕೊಡುವ ನಮ್ಮಂಥವರು ಸುಲಭವಾಗಿ ಎಡವುವ ಜಾಗ ಇದು. ಆ ಅಂಕಿ ಉಪಗ್ರಹ ಅಳೆದ ಬಿಸಿಯದ್ದು, ಸತ್ತ ಹವಳದ್ದಲ್ಲ. ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಮೈ ಮಾತ್ರ. ಅದರ ನಕ್ಷೆಯ ಒಂದೊಂದು ಚೌಕ ಸುಮಾರು 5 ಕಿ.ಮೀ. ಅಗಲದ್ದು. ಹದಿನೈದು ಮೀಟರ್ ಆಳದಲ್ಲೋ ಲಗೂನಿನೊಳಗೋ ತಾಪಮಾನ ಬೇರೆಯೇ ಇರಬಹುದು. ಅದಕ್ಕಾಗಿ ದಿಬ್ಬದ ಮೇಲೇ ಸಣ್ಣ ತಾಪಮಾಪಕಗಳನ್ನು ಕಟ್ಟಿಡುತ್ತಾರೆ. ಎಷ್ಟು ಹವಳ ಸತ್ತಿತು ಎಂದು ಹೇಳಲು ಮನುಷ್ಯರೇ ಇಳಿದು ನೋಡಬೇಕು.

ಬಿಳಿಯಾಗಿದ್ದೆಲ್ಲ ಸತ್ತದ್ದಲ್ಲ

ಇಳಿದು ನೋಡುವಾಗಲೂ ಕಣ್ಣು ಪಳಗಿರಬೇಕು. ಬಿಳಿಚಿದ ಹವಳ ಹಸಿದಿದೆ, ಸತ್ತಿಲ್ಲ. ಹತ್ತಿರದಿಂದ ನೋಡಿದರೆ ಗಾಜಿನಂಥ ಮಾಂಸ ಇನ್ನೂ ಇರುತ್ತದೆ. ನೀರು ಬೇಗ ತಂಪಾದರೆ ಪಾಚಿ ಮರಳಿ ಬಂದು ಹವಳ ಚೇತರಿಸಿಕೊಳ್ಳಬಹುದು. ಮುಳ್ಳುಕಿರೀಟ ಎಂಬ ನಕ್ಷತ್ರಮೀನು ತಿಂದುಹೋದ ಜಾಗವೂ ಬಿಳಿಯೇ. ಆದರೆ ಅಲ್ಲಿ ಮಾಂಸವೇ ಇರುವುದಿಲ್ಲ, ಬರೀ ಎಲುಬು. ರೋಗ ತಗುಲಿದ್ದರೆ ಬಿಳಿ ಭಾಗ ಪಟ್ಟೆಯಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿರುತ್ತದೆ. ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ. ನಕ್ಷತ್ರಮೀನನ್ನು ಕೈಯಾರೆ ನಿಯಂತ್ರಿಸಬಹುದು, ಸಮುದ್ರದ ಬಿಸಿಯನ್ನಲ್ಲ.

ಸತ್ತ ಹವಳ ಹೆಚ್ಚು ದಿನ ಬಿಳಿಯಾಗಿ ಉಳಿಯುವುದೂ ಇಲ್ಲ. ಕೆಲವೇ ವಾರಗಳಲ್ಲಿ ಅದರ ಮೇಲೆ ತೆಳು ಪಾಚಿ ಹಬ್ಬಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆರು ತಿಂಗಳ ನಂತರ ಹೋದವರಿಗೆ ಅದು ಹಳೆಯ ಬಂಡೆಯಂತೆ ಕಾಣುತ್ತದೆ. ಏನಾಯಿತು ಎಂದು ತಿಳಿಯಬೇಕಿದ್ದರೆ ಬಿಸಿಗೆ ಮುಂಚೆ, ಬಿಸಿಯ ನಡುವೆ, ಬಿಸಿ ಇಳಿದ ಮೇಲೆ ಮೂರು ಸಲವಾದರೂ ಅದೇ ಜಾಗಕ್ಕೆ ಹೋಗಬೇಕು. ಒಂದೇ ಭೇಟಿಯಲ್ಲಿ ತೆಗೆದ ಫೋಟೊ, ಎಷ್ಟೇ ಚೆಂದವಿರಲಿ ಎಷ್ಟೇ ಭೀಕರವಿರಲಿ, ಅರ್ಧ ಕಥೆ ಮಾತ್ರ.

ಅಂಕಿಯೂ ಮೋಸ ಮಾಡುತ್ತದೆ

ಹವಳದ ಹೊದಿಕೆ ಹೆಚ್ಚಾದರೆ ಆರೋಗ್ಯ ಸುಧಾರಿಸಿದೆ ಎಂದು ಅರ್ಥವೇ? ಗ್ರೇಟ್ ಬ್ಯಾರಿಯರ್ ರೀಫ್‌ನ ಉದಾಹರಣೆ ನೋಡಿ. ಅಲ್ಲಿ ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆ 1980ರ ದಶಕದ ಮಧ್ಯಭಾಗದಿಂದ ಸಮೀಕ್ಷೆ ನಡೆಸುತ್ತಿದೆ. 2022ರ ವರದಿಯಲ್ಲಿ ಉತ್ತರ ಭಾಗದ ಹೊದಿಕೆ ಶೇ 36, ಮಧ್ಯ ಭಾಗದ್ದು ಶೇ 33 ಎಂದು ದಾಖಲಾಯಿತು. 36 ವರ್ಷಗಳಲ್ಲೇ ಅದು ಅತಿ ಹೆಚ್ಚು. ಹವಾಮಾನ ಬದಲಾವಣೆಯೇ ಸುಳ್ಳು ಎನ್ನುವವರಿಗೆ ಅದು ಹಬ್ಬವಾಯಿತು. ಆದರೆ ವರದಿಯಲ್ಲೇ ಒಂದು ಎಚ್ಚರಿಕೆ ಇತ್ತು. ಏರಿಕೆಗೆ ಮುಖ್ಯ ಕಾರಣ ಅಕ್ರೊಪೋರಾ ಎಂಬ ಕವಲು, ತಟ್ಟೆ ಆಕಾರದ ಹವಳ. ಅದು ಬೇಗ ಬೆಳೆಯುತ್ತದೆ. ಬಿಸಿಗೆ, ಚಂಡಮಾರುತಕ್ಕೆ, ನಕ್ಷತ್ರಮೀನಿಗೆ ಮೊದಲು ಬಲಿಯಾಗುವುದೂ ಅದೇ.

2025ರ ಆಗಸ್ಟ್‌ನ ವರದಿಯಲ್ಲಿ ಆ ಎಚ್ಚರಿಕೆ ನಿಜವಾಯಿತು. 2024ರ ಬಿಸಿ, ಚಂಡಮಾರುತಗಳ ಬಳಿಕ ಒಂದೇ ವರ್ಷದಲ್ಲಿ ಉತ್ತರ ಭಾಗದ ಹೊದಿಕೆ ಶೇ 39.8ರಿಂದ ಶೇ 30ಕ್ಕೆ ಕುಸಿದಿತ್ತು. ದಕ್ಷಿಣ ಭಾಗದಲ್ಲಿ ಇದ್ದದ್ದರಲ್ಲಿ ಶೇ 30ಕ್ಕೂ ಹೆಚ್ಚು ಹೋಗಿ ಶೇ 26.9 ಉಳಿದಿತ್ತು. ಹೀಗಾಗಿ ಎಷ್ಟು ಹವಳ ಎಂಬುದರ ಜೊತೆಗೆ ಯಾವ ಹವಳ, ಯಾವ ವಯಸ್ಸಿನದ್ದು, 5 ಸೆಂ.ಮೀ.ಗಿಂತ ಸಣ್ಣ ಮರಿಗಳು ಎಷ್ಟಿವೆ ಎಂಬುದನ್ನೂ ಈಗ ಎಣಿಸುತ್ತಾರೆ. ಮರಿಗಳೇ ಇಲ್ಲದ ದಿಬ್ಬ, ಮಕ್ಕಳಿಲ್ಲದ ಊರಿನಂತೆ.

ಮತ್ತೆ ಲಕ್ಷದ್ವೀಪಕ್ಕೆ

ಆರಂಭದಲ್ಲಿ ಹೇಳಿದ ಅಧ್ಯಯನದ ಬೆಲೆ ಇರುವುದು ಇಲ್ಲೇ. ಮೂರು ದ್ವೀಪಗಳ ಸುತ್ತ, ಬೇರೆ ಬೇರೆ ಆಳದಲ್ಲಿ, ಮಳೆಗಾಲದ ಅಲೆಗೆ ಒಡ್ಡಿಕೊಂಡ ಪಶ್ಚಿಮ ಬದಿಯಲ್ಲೂ ಮರೆಯಲ್ಲಿರುವ ಪೂರ್ವ ಬದಿಯಲ್ಲೂ ವರ್ಷಗಟ್ಟಲೆ ಲೆಕ್ಕ ಇಟ್ಟಿದ್ದರಿಂದ, 1998, 2010 ಮತ್ತು 2016ರ ಮೂರು ಬಿಸಿ ಘಟನೆಗಳನ್ನು ಹೋಲಿಸಲು ಸಾಧ್ಯವಾಯಿತು. ಕಂಡದ್ದು ವಿಚಿತ್ರ. ಪ್ರತಿ ಘಟನೆಯಲ್ಲೂ ಸತ್ತ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆ. ಇಷ್ಟೇ ನೋಡಿದ್ದರೆ ಹವಳ ಬಿಸಿಗೆ ಒಗ್ಗಿಕೊಂಡಿದೆ ಎಂದು ಸಮಾಧಾನಪಡಬಹುದಿತ್ತು. ಆದರೆ ಪ್ರತಿ ಘಟನೆಯ ನಂತರದ ಚೇತರಿಕೆಯೂ ನಿಧಾನವಾಗುತ್ತ ಬಂದಿದೆ. ಸುಮಾರು ಆರು ವರ್ಷ ಬಿಸಿಯ ಕಾಟವಿಲ್ಲದೆ ಕಳೆದರೆ ಮಾತ್ರ ಚೇತರಿಕೆಗೆ ವೇಗ ಬರುತ್ತದೆ. ಮೊದಲ ಎರಡು ಘಟನೆಗಳ ನಡುವೆ 12 ವರ್ಷಗಳ ಅಂತರವಿತ್ತು. ಆಮೇಲಿನದು ಆರೇ ವರ್ಷಕ್ಕೆ ಬಂತು. ಯಾವ ಒಂದು ವರ್ಷದ ಸಮೀಕ್ಷೆಗೂ ಈ ಸಂಗತಿ ಸಿಗುತ್ತಿರಲಿಲ್ಲ.

ಲೆಕ್ಕ ಇಡದಿದ್ದರೆ ಆಗುವ ನಷ್ಟ ಇನ್ನೊಂದಿದೆ. ಮೀನು ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಇದನ್ನು ಗುರುತಿಸಿದರು. ಪ್ರತಿ ತಲೆಮಾರೂ ತಾನು ಮೊದಲು ಕಂಡ ಸಮುದ್ರವನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ. ಇವತ್ತು ಮೊದಲ ಬಾರಿ ಕದ್ಮತ್‌ಗೆ ಹೋಗಿ ಸ್ನಾರ್ಕೆಲ್ ಹಾಕಿಕೊಂಡವರಿಗೆ ಆ ಶೇ 20 ಹವಳವೇ ಸ್ವರ್ಗದಂತೆ ಕಾಣುತ್ತದೆ.

ಮನ್ನಾರ್ ಕೊಲ್ಲಿಯ ಮುಳುಗಿದ ದ್ವೀಪಗಳು

ಭಾರತದಲ್ಲಿ ಹವಳದ ದಿಬ್ಬಗಳಿರುವ ಪ್ರಮುಖ ಪ್ರದೇಶಗಳು ನಾಲ್ಕು: ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ಗುಜರಾತಿನ ಕಛ್ ಕೊಲ್ಲಿ, ತಮಿಳುನಾಡಿನ ಮನ್ನಾರ್ ಮತ್ತು ಪಾಕ್ ಕೊಲ್ಲಿ. ದಿಬ್ಬ ಹೋದರೆ ಏನಾಗುತ್ತದೆ ಎಂಬುದಕ್ಕೆ ಮನ್ನಾರ್ ಕೊಲ್ಲಿಯೇ ಸಾಕ್ಷಿ. ಸುಣ್ಣಕ್ಕೆ, ಕಟ್ಟಡಕ್ಕೆಂದು ಅಲ್ಲಿ ದಶಕಗಳ ಕಾಲ ಹವಳವನ್ನೇ ಅಗೆದು ಸಾಗಿಸಿದರು. ಅಲ್ಲಿನ 21 ದ್ವೀಪಗಳಲ್ಲಿ ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ ಎಂಬ ಎರಡು ನೀರಿನಡಿ ಸೇರಿವೆ. ತೂತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ ಈ ಭಾಗದಲ್ಲಿ ಎರಡು ದಶಕಗಳಿಂದ ಸಮೀಕ್ಷೆ ನಡೆಸುತ್ತ ಬಂದಿದೆ.

ಕರ್ನಾಟಕದ ನೇತ್ರಾಣಿ ಈ ನಾಲ್ಕರ ಪಟ್ಟಿಯಲ್ಲಿಲ್ಲ. ಮಹಾರಾಷ್ಟ್ರದ ಮಾಲ್ವಣದಂತೆ ಇಲ್ಲೂ ಇರುವುದು ಬಂಡೆಗಳ ಮೇಲೆ ಅಲ್ಲಲ್ಲಿ ಬೆಳೆದ ಹವಳ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಈ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ ನೋಡಿದವರಿಗೆ ಅಲ್ಲಿನ ನೀರಿನಾಳ ನೆನಪಿರಬಹುದು. ಮಳೆಗಾಲದಲ್ಲಿ ನೀರು ಕಲಕಿ ಏನೂ ಕಾಣುವುದಿಲ್ಲ, ಹಾಗಾಗಿ ಎಣಿಕೆಯಿರಲಿ ಪ್ರವಾಸಿ ಡೈವಿಂಗ್ ಇರಲಿ, ಮಳೆಗಾಲ ಕಳೆದ ಮೇಲೆಯೇ.

ಮಾಲ್ವಣಕ್ಕೋ ನೇತ್ರಾಣಿಗೋ ಡೈವಿಂಗ್‌ಗೆ ಹೋಗುವವರೂ ಈ ಲೆಕ್ಕಕ್ಕೆ ನೆರವಾಗಬಹುದು. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ‘ಕೋರಲ್‌ವಾಚ್’ ಯೋಜನೆ ಅಂಗೈಯಗಲದ ಒಂದು ಬಣ್ಣದ ಪಟ್ಟಿ ರೂಪಿಸಿದೆ. ಅದನ್ನು ಹವಳಕ್ಕೆ ತಾಗಿಸದೆ ಪಕ್ಕದಲ್ಲಿ ಹಿಡಿದು, ಅತಿ ತಿಳಿ ಮತ್ತು ಅತಿ ಗಾಢ ಬಣ್ಣಗಳು 1ರಿಂದ 6ರ ಅಳತೆಯಲ್ಲಿ ಎಲ್ಲಿ ಕೂರುತ್ತವೆ ಎಂದು ಬರೆದುಕೊಂಡರಾಯಿತು. ಕಾಲಕ್ರಮದಲ್ಲಿ ಎರಡು ಅಂಕ ಇಳಿದರೆ ಹವಳ ಪಾಚಿ ಕಳೆದುಕೊಳ್ಳುತ್ತಿದೆ ಎಂದರ್ಥ. ಪಟ್ಟಿ ಇಲ್ಲದಿದ್ದರೆ, ಫೋಟೊ ಜೊತೆ ದಿನಾಂಕ, ಜಾಗ, ಆಳ ಮೂರನ್ನು ಬರೆದಿಟ್ಟರೂ ಅದು ದಾಖಲೆಯೇ. ಫಿನ್ ತಾಗಿಸಬೇಡಿ, ಹವಳ ಹಿಡಿದುಕೊಂಡು ಸೆಲ್ಫಿ ಬೇಡ. ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿವೆ, ಹುಲಿ ಮತ್ತು ಆನೆಯ ಜೊತೆಗೆ. ದಡಕ್ಕೆ ಬಂದು ಬಿದ್ದ ಒಣ ತುಂಡನ್ನು ನೆನಪಿಗೆಂದು ಬ್ಯಾಗಿಗೆ ಹಾಕಿಕೊಂಡರೂ ಕಾನೂನಿನ ಕಣ್ಣಲ್ಲಿ ಅದು ಅಪರಾಧ.